ಹಿಂಬಾಗಿಲ ಮೊಳೆಗೆ ತೂಗುಹಾಕಿದ ಲೆಕ್ಕದ ಪುಸ್ತಕ

ತೋಟ, ಕೊಟ್ಟಿಗೆಯ ಲೆಕ್ಕದ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ. ಬೀಗ ತೆಗೆದು, ಕನ್ನಡಕ ಹುಡುಕುವಷ್ಟರಲ್ಲಿ ಬರೆಯುವ ಮನಸ್ಸೇ ಹೋಗಿರುತ್ತದೆ. ನಮ್ಮ ಮನೆಯಲ್ಲಿ ಅದು ಅಡುಗೆಮನೆಯ ಹಿಂಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತದೆ, ಜೊತೆಗೆ ದಾರಕ್ಕೆ ಕಟ್ಟಿದ ಪೆನ್ಸಿಲ್. ಮಳೆಗಾಲದ ಒದ್ದೆ ಕೈಗೆ ಶಾಯಿ ಹರಡಿಹೋಗುತ್ತದೆ, ಪೆನ್ಸಿಲ್ಲಿನ ಬರಹ ನಿಲ್ಲುತ್ತದೆ. ಕೆಲಸ ಮುಗಿಸಿ ಒಳಗೆ ಬಂದವರು ಕೈ ಒರೆಸಿಕೊಂಡು ಒಂದು ಸಾಲು ಬರೆದೇ ಕಾಫಿಗೆ ಕೂರಬೇಕು.

ಹಸು ಸಾಕುವವರಿಗೆ ತಾರೀಖೇ ಮುಖ್ಯ. ಬೆದೆಗೆ ಬಂದ ದಿನ, ಗಬ್ಬ ಕಟ್ಟಿಸಲು ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದ ದಿನ, ಎರಡನ್ನೂ ಬರೆಯಿರಿ. 21 ದಿನದ ಆಸುಪಾಸಿನಲ್ಲಿ ಮತ್ತೆ ಕೂಗಿದರೆ ಗಬ್ಬ ನಿಂತಿಲ್ಲ. ಸುಮ್ಮನಿದ್ದರೂ ನಂಬಿ ಕೂರಬೇಡಿ, 3 ತಿಂಗಳಿಗೆ ಡಾಕ್ಟರ ಹತ್ತಿರ ನೋಡಿಸಿ. ನಿಂತಿದ್ದರೆ ಸುಮಾರು 280 ದಿನಕ್ಕೆ ಕರು; ಅದಕ್ಕೆ 2 ತಿಂಗಳು ಮುಂಚೆ ಹಾಲು ಬತ್ತಿಸಬೇಕು. ಒಂದು ವರ್ಷ ನಾನು ಬರೆದಿರಲಿಲ್ಲ. ನಮ್ಮ ಗೌರಿಗೆ ಇಂಜೆಕ್ಷನ್ ಕೊಡಿಸಿದ್ದು ದೀಪಾವಳಿ ಕಳೆದ ಮೇಲೆ ಎಂದೇ ನೆನಪು. ನಿಜವಾಗಿ ಅದು ನವರಾತ್ರಿಯಲ್ಲಿ. ಇನ್ನೂ ಒಂದು ತಿಂಗಳಿದೆ ಎಂದು ಹಿಂಡುತ್ತಲೇ ಇದ್ದೆ. ಆ ಸೂಲಿನಲ್ಲಿ ಅದರ ಹಾಲು ಮೊದಲಿನಷ್ಟು ಬರಲೇ ಇಲ್ಲ. ಅದರ ಮುಖ ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು.

ಡೈರಿಗೆ ಹಾಕಿದ ಹಾಲಿನ ಜೊತೆ ಮನೆಗೆ ಇಟ್ಟುಕೊಂಡದ್ದನ್ನೂ ಬರೆಯಿರಿ. ಹಿಂಡಿಯ ಖರ್ಚು ಮಾತ್ರ ಬರೆದು ಮಕ್ಕಳು ಕುಡಿದ ಹಾಲು, ಬುಟ್ಟಿಗಟ್ಟಲೆ ಗೊಬ್ಬರ ಬಿಟ್ಟರೆ ಒಳ್ಳೆಯ ಹಸುವೂ ನಷ್ಟದ ಹಾಗೆ ಕಾಣುತ್ತದೆ.

ಅಡಿಕೆಗೆ ಕೊಳೆ ರೋಗದ ಔಷಧಿ (ಬೋರ್ಡೋ ದ್ರಾವಣ) ಹೊಡೆದ ದಿನವನ್ನು ನಾನು ಕೆಂಪು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಬೇರೆ ಬೇರೆ ಕದಡಿ, ಆಮೇಲೆ ಕೂಡಿಸಿ, ಹೊಳೆಯುವ ಚಾಕು ಅದ್ದಿ ನೋಡಬೇಕು. ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಸಾಲದು. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನಕ್ಕೆ ಇನ್ನೊಮ್ಮೆ. ಆ ಎರಡನೆಯದು ಪುನರ್ವಸು ಮಳೆಯ ನಡುವೆ ಬರುತ್ತದೆ. ತಾರೀಖು ಕಣ್ಣೆದುರಿಗಿದ್ದರೆ ಅಡಿಕೆ ಮರ ಹತ್ತುವ ಕೊನೆಗಾರನಿಗೆ ಮೊದಲೇ ಹೇಳಿಟ್ಟು, ಮಳೆ ಬಿಟ್ಟು ಹೊಳವಾದ ದಿನವೇ ಮರ ಹತ್ತಿಸಬಹುದು. ಯಾವ ತುಂಡಿಗೆ ಹೊಡೆಸಿ ಆಯಿತು, ಯಾವುದು ಬಾಕಿ ಎಂಬುದೂ ಪುಸ್ತಕದಲ್ಲಿರಲಿ.

ಕೆಲಸದವರ ಲೆಕ್ಕವನ್ನು ಅಂದಂದೇ, ಅವರ ಎದುರಿಗೇ ಬರೆದು ಓದಿ ಹೇಳಿ. ಅರ್ಧ ದಿನ, ಮುಂಗಡ ಕೊಟ್ಟದ್ದು, ಎಲ್ಲವೂ. ದುಡಿದವರ ಒಂದು ರೂಪಾಯಿಯೂ ನಮ್ಮ ಮರೆವಿಗೆ ಹೋಗಬಾರದು.

ಗೊಬ್ಬರದಂಗಡಿಯ ನುಣುಪು ಕಾಗದದ ಬಿಲ್ಲು ಕೆಲವು ತಿಂಗಳಲ್ಲಿ ಬೆಳ್ಳಗಾಗಿಬಿಡುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ, ಅದನ್ನು ಆ ತಿಂಗಳ ಪುಟಕ್ಕೆ ಹೊಲಿಗೆ ದಾರದಲ್ಲಿ ಪೋಣಿಸಿಬಿಡಿ. ಗುಂಡುಸೂಜಿ ಬೇಡ, ನಮ್ಮ ಮಳೆಗೆ ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ.