ಐಟಿಐ ಹುಡುಗರನ್ನು ಉದ್ಯಮಬಾಗದ ಶೆಡ್‌ಗಳಿಗೆ ಕಳಿಸಿದ್ದು ಹೇಗೆ

ಬೆಳಗಾವಿ ಕಡೆಯ ಒಂದು ಐಟಿಐಯಲ್ಲಿ ನಾನು ಟರ್ನರ್ ಟ್ರೇಡ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಕೆಲಸ, ಕಲಿಸುತ್ತೇನೆ. 2022ರ ಸಿಲಬಸ್ ಪ್ರಕಾರ ಪ್ರತಿ ಟ್ರೈನಿ ವರ್ಷಕ್ಕೆ 150 ಗಂಟೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಕಲಿಯಬೇಕು. ಕಾರ್ಖಾನೆ ಸಿಗದಿದ್ದರೆ ಗ್ರೂಪ್ ಪ್ರಾಜೆಕ್ಟ್ ಮಾಡಿಸಬೇಕು. ಪ್ರಾಜೆಕ್ಟ್ ಸುಲಭದ ದಾರಿ. ಆದರೆ ಫೌಂಡ್ರಿ (ಲೋಹದ ಎರಕ), ಮಷಿನ್ ಶಾಪ್, ಹೈಡ್ರಾಲಿಕ್ ಕೆಲಸಗಳಿಂದ ತುಂಬಿರುವ ಉದ್ಯಮಬಾಗ ಕೈಗಾರಿಕಾ ಪ್ರದೇಶ ಪಕ್ಕದಲ್ಲೇ ಇದೆ. ಹಾಗಿದ್ದೂ ಮಕ್ಕಳನ್ನು ನಾಲ್ಕು ಗೋಡೆಯೊಳಗೇ ಕೂರಿಸುವುದು ನನಗೆ ಸರಿ ಕಾಣಲಿಲ್ಲ.

ದೊಡ್ಡ ಕಂಪನಿಗಳು ಕ್ಯಾಂಪಸ್‌ಗೆ ತಾವೇ ಬರುತ್ತವೆ. ಸಣ್ಣ ಶೆಡ್‌ಗಳು ಬರುವುದಿಲ್ಲ, ನಾವೇ ಹೋಗಬೇಕು. ಅಲ್ಲಿ ಮಾಲೀಕರೇ ಆರ್ಡರ್ ಹಿಡಿಯುತ್ತಾರೆ, ಅವರೇ ಲೆಕ್ಕ ನೋಡುತ್ತಾರೆ. ಅದಕ್ಕೇ ನಾನು ಮೊದಲು ಮಾತಾಡಿಸುತ್ತಿದ್ದುದು ಸೂಪರ್‌ವೈಸರನ್ನು. ಹುಡುಗರಿಗೆ ಏನು ಬರುತ್ತೆ, ಏನು ಬರಲ್ಲ ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತು. ಅಳತೆಯ ಉಪಕರಣ, ಬಿಡಿಭಾಗದ ನಕ್ಷೆಗಳ ಬಗ್ಗೆ ಒಬ್ಬರು ನೇರವಾಗಿ ಹೇಳಿದರು: "ಸರ, ವರ್ನಿಯರ್ ಹಿಡಿತಾರ, ಮೈಕ್ರೋಮೀಟರ್ ಹಿಡಿತಾರ. ಆದ್ರ ಡ್ರಾಯಿಂಗ್ ಕೊಟ್ರ ನಿಂತ್ ಬಿಡ್ತಾರ ನೋಡ್ರಿ."

ಆ ಮಾತು ನನ್ನ ಪಾಠವನ್ನೇ ಬದಲಿಸಿತು. ಗಿರಾಕಿಯ ಹೆಸರು ಅಳಿಸಿದ ಹಳೆಯ ಡ್ರಾಯಿಂಗ್‌ಗಳನ್ನು ಅವರಿಂದ ಕೇಳಿ ತಂದೆ. ಜೊತೆಗೆ ಅವರಲ್ಲಿ ಮಿಕ್ಕ ಇಎನ್ 8 ಉಕ್ಕಿನ ತುಂಡುಗಳನ್ನೂ ಕೊಟ್ಟರು. ಈಗ ಲೇತ್ ಮುಂದೆ ನಿಲ್ಲುವ ಮೊದಲು ಪ್ರತಿಯೊಬ್ಬರೂ ಡ್ರಾಯಿಂಗ್ ಓದಿ, ಯಾವ ಅಳತೆಗೆ ಎಷ್ಟು ಟಾಲರೆನ್ಸ್ (ಎಷ್ಟು ಹೆಚ್ಚುಕಡಿಮೆ ಆದರೂ ನಡೆಯುತ್ತೆ), ಯಾವ ಆಪರೇಷನ್ ಮೊದಲು ಅಂತ ಬರೆದು ತೋರಿಸಬೇಕು. ಸಿಲಬಸ್ ಬದಲಾಗಿಲ್ಲ. ಅಭ್ಯಾಸದ ಜಾಬ್‌ಗಳು ಮಾತ್ರ ನಮ್ಮ ಊರಿನವಾದವು.

ಮಾಲೀಕರಿಗೆ ಎರಡು ಭಯ ಇತ್ತು. ಒಂದು, ಹುಡುಗರ ಕೈಗೆ ಏನಾದರೂ ಆದರೆ? ಇದಕ್ಕೆ ಒಂದು ಪುಟದ ಒಪ್ಪಂದ ಬರೆದೆವು. ಸೇಫ್ಟಿ ಶೂ, ಕನ್ನಡಕ ಇಲ್ಲದೆ ಒಳಗೆ ಬಿಡುವಂತಿಲ್ಲ. ರಾತ್ರಿ ಪಾಳಿ ಇಲ್ಲ. ಲೋಹ ಸುರಿಯುವ ಜಾಗಕ್ಕೆ ಹೋಗುವಂತಿಲ್ಲ. ಜೊತೆಗೊಬ್ಬ ಆಪರೇಟರ್ ಇಲ್ಲದೆ ಮಷಿನ್ ಮುಟ್ಟುವಂತಿಲ್ಲ. ವಿಮೆ ವಿಷಯ ಮೊದಲೇ ಮುಗಿಸಿಕೊಳ್ಳಿ, ಆಮೇಲೆ ಅಂತ ಬಿಡಬೇಡಿ.

ಎರಡನೆಯದು ಇನ್ನೂ ಗಟ್ಟಿ ಭಯ. "ನಾವು ಕಲಿಸ್ತೀವಿ, ಪಕ್ಕದ ಶೆಡ್ಡಿನವ್ರು ಐನೂರು ಜಾಸ್ತಿ ಕೊಟ್ಟು ಕರ್ಕೊಂಡ್ ಹೋಗ್ತಾರ." ಅವರ ಮಾತು ಸುಳ್ಳಲ್ಲ. ಅದಕ್ಕೆ ಒಂದೇ ಶೆಡ್‌ಗೆ ಕೇಳುವುದನ್ನು ಬಿಟ್ಟು, ಒಂದೇ ರಸ್ತೆಯ ಕೆಲವರನ್ನು ಒಟ್ಟಿಗೆ ಕೂರಿಸಿದೆ. ಒಬ್ಬರ ಬಳಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಇತ್ತು, ಇನ್ನೊಬ್ಬರ ಬಳಿ ಒಳ್ಳೆಯ ಇನ್‌ಸ್ಪೆಕ್ಷನ್ ರೂಮ್ ಇತ್ತು, ಮತ್ತೊಬ್ಬರದು ಬರೀ ಹೆವಿ ಟರ್ನಿಂಗ್, ಅಂದರೆ ದೊಡ್ಡ ಭಾಗಗಳನ್ನು ಕಡೆಯುವ ಕೆಲಸ. ಬ್ಯಾಚ್ ಎಲ್ಲ ಕಡೆ ಸರದಿಯಂತೆ ತಿರುಗಲಿ ಅಂತ ಒಪ್ಪಿದರು. ಹುಡುಗರು ಯಾರೊಬ್ಬರ ಸ್ವತ್ತೂ ಅಲ್ಲ ಅಂದಮೇಲೆ ಕಸಿದುಕೊಳ್ಳುವ ಮಾತೇ ಸಡಿಲವಾಯಿತು. ಮಕ್ಕಳಿಗೂ ಮೂರು ಥರದ ಕೆಲಸ ಕಣ್ಣಿಗೆ ಬಿತ್ತು.

ಐಟಿಐ ಮುಗಿದ ಮೇಲೆ ಬೇಕಾದವರನ್ನು ಅಪ್ರೆಂಟಿಸ್ (ಕೆಲಸ ಮಾಡುತ್ತಾ ಕಲಿಯುವವರು) ಆಗಿ ತೆಗೆದುಕೊಳ್ಳಿ ಅಂತ ದಾರಿ ತೋರಿಸಿದೆ. 30 ಅಥವಾ ಹೆಚ್ಚು ಜನ ಇರುವ ಕಡೆ ಇದು ಕಡ್ಡಾಯ. ನಾಲ್ಕು ಜನರಿಂದ 29ರವರೆಗೆ ಇದ್ದರೆ ಅವರ ಇಷ್ಟ. ಸಣ್ಣವರು ತಮಗೂ ಅವಕಾಶ ಇದೆ ಅನ್ನುವುದನ್ನು ಕೇಳಿ ಆಸಕ್ತಿ ತೋರಿಸಿದರು.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಬಿಗಿ. ಶೌಚಾಲಯ ಇಲ್ಲದ ಶೆಡ್‌ಗೆ ಕಳಿಸುವುದಿಲ್ಲ, ಬಸ್ ನಿಲ್ಲುವ ಜಾಗ ನೋಡಿಯೇ ಹೆಸರು ಹಾಕುತ್ತೇನೆ. ತಂದೆತಾಯಿಯನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದರೆ ಅರ್ಧ ಆತಂಕ ಅಲ್ಲೇ ಇಳಿಯುತ್ತೆ.

ಇದನ್ನು ಶುರು ಮಾಡುವವರಿಗೆ ಒಂದೇ ಕೇಳಿಕೊಳ್ಳುತ್ತೇನೆ. ಹುಡುಗರನ್ನು ಬಿಟ್ಟು ವಾಪಸ್ ಬರಬೇಡಿ. ಕಲಿಸುವವರೂ ವಾರಕ್ಕೊಮ್ಮೆಯಾದರೂ ಶಾಪ್ ಫ್ಲೋರ್‌ನಲ್ಲಿ ನಿಂತು ಲಾಗ್‌ಬುಕ್ ನೋಡಬೇಕು. ಕಸ ಗುಡಿಸುವುದೇ ದಿನದ ಕೆಲಸವಾಗಿದ್ದರೆ ಅದು ಲಾಗ್‌ಬುಕ್ಕಿನಲ್ಲಿ ಗೊತ್ತಾಗುತ್ತೆ. ಆಗ ಸೂಪರ್‌ವೈಸರ್ ಜೊತೆ ಅಲ್ಲೇ ಮಾತಾಡಿ, ಆ ಹುಡುಗನನ್ನು ಮಷಿನ್ ಹತ್ತಿರ ನಿಲ್ಲಿಸಿಯೇ ಬರಬೇಕು.