ಗೇಟಿನಿಂದ ಮೆಟ್ಟಿಲವರೆಗೆ ದೀಪ: ಎರೆಮಣ್ಣಿನ ಮನೆಯವರಿಗೆ

ಮನೆ ಮುಂದಿನ ಕಾಲುದಾರಿಗೆ ದೀಪ ಹಾಕುವುದು ಹೇಗೆ ಅಂತ ಹುಡುಕಿ ನೋಡಿ. ಸಿಗುವುದರಲ್ಲಿ ಮುಕ್ಕಾಲುಪಾಲು, ಹಿಮ ಬೀಳುವ ದೇಶದವರು ತಮ್ಮ ನೆಲಕ್ಕೆ ಬರೆದುಕೊಂಡದ್ದು. ಅಲ್ಲಿ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ನೆಲ ಉಬ್ಬುತ್ತದೆ, ನೆಟ್ಟ ದೀಪ ಮೇಲಕ್ಕೆ ಬರುತ್ತದೆ. ನಮಗ್ಯಾಕೆ ಅದು ಅಂತ ಬಿಡಬೇಡಿ. ಬಾಗಲಕೋಟೆ, ವಿಜಯಪುರ, ಈ ಕಡೆ ಬೈಲಹೊಂಗಲ, ಸವದತ್ತಿಯ ಎರೆಮಣ್ಣು ಹಿಮ ಇಲ್ಲದೆಯೇ ಅದೇ ಕೆಲಸ ಮಾಡುತ್ತದೆ. ಮಳೆ ಕುಡಿದು ಉಬ್ಬುತ್ತದೆ, ಏಪ್ರಿಲ್ ಬಂದರೆ ಕೈ ತೂರುವಷ್ಟು ಬಿರಿಯುತ್ತದೆ. ಅಂಗಡಿಯಲ್ಲಿ ಸಿಗುವ ಚೂಪು ಕಾಲಿನ ದೀಪಗಳನ್ನು ಸುಮ್ನೆ ಚುಚ್ಚಿ ಬಿಟ್ಟರೆ, ಒಂದೆರಡು ಮಳೆಗಾಲದಲ್ಲಿ ಮದುವೆ ಊಟ ಮುಗಿಸಿದ ಬೀಗರ ಹಾಗೆ ಒಂದೊಂದು ಒಂದೊಂದು ಕಡೆ ವಾಲಿರುತ್ತವೆ.

ಬೆಳಗಾವಿ ಊರೊಳಗೆ ಕೆಂಪು ಮಣ್ಣಿರುವ ಕಡೆ ಈ ಕಾಟ ಕಡಿಮೆ, ಅಲ್ಲಿ ಮಳೆಯದ್ದೇ ತಲೆನೋವು. ಹಾಗಾಗಿ ಮೊದಲು ಮಣ್ಣು ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಸೋಲಾರ್ ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ವೈರು ಬೇಡ, ಅಗೆಯುವುದು ಬೇಡ, ನಿಜ. ಆದರೆ ಬೆಳಗಾವಿಯಲ್ಲಿ ಜುಲೈ, ಆಗಸ್ಟ್‌ನಲ್ಲಿ ದಿನಗಟ್ಟಲೆ ಬಿಸಿಲೇ ಇರುವುದಿಲ್ಲ. ದಾರಿ ಜಾರುವುದೂ ಆಗಲೇ, ದೀಪ ಬೇಕಾಗುವುದೂ ಆಗಲೇ. ವಿಜಯಪುರದಲ್ಲಿ ಬಿಸಿಲಿಗೆ ಬರ ಇಲ್ಲ, ಆದರೆ 40 ಡಿಗ್ರಿ ದಾಟುವ ಆ ಬಿಸಿಲೇ ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಬಾಡಿಗೆ ಮನೆ ಆದರೆ ಸೋಲಾರ್ ತಗೊಳ್ಳಿ. ಸ್ವಂತ ಮನೆ ಆದರೆ 12 ವೋಲ್ಟ್ ಎಲ್‌ಇಡಿ ಹಾಕಿಸಿ.

ಸಾಮಾನು ಬಂದ ಮೇಲೆ ಗುದ್ದಲಿ ಹಿಡಿಯಬೇಡಿ. ಕತ್ತಲಾಗಲಿ. ದೀಪಗಳನ್ನು ನೆಲದ ಮೇಲೆಯೇ ಇಟ್ಟು ತಾತ್ಕಾಲಿಕವಾಗಿ ಹಚ್ಚಿ, ಗೇಟಿನಿಂದ ಬಾಗಿಲಿನವರೆಗೆ ನಡೆದು ನೋಡಿ. ಆರೇಳು ಅಡಿಗೊಂದು, ಆ ಬದಿ ಈ ಬದಿ ಬದಲಿಸಿ ಇಟ್ಟರೆ ಸಾಮಾನ್ಯವಾಗಿ ಸಾಕು. ಎರಡೂ ಬದಿಗೆ ಜೋಡಿ ಜೋಡಿ ಇಟ್ಟರೆ ಮಂಗಲ ಕಾರ್ಯಾಲಯ ಆಗುತ್ತದೆ. ಬೆಳಕು ಕಣ್ಣಿಗೆ ಹೊಡೆಯದೆ ಪರಸಿ ಕಲ್ಲಿನ ಮೇಲೆ ಬೀಳಬೇಕು, ಹಾಗಾಗಿ ಮೇಲೆ ಟೋಪಿ ಇರುವ, ಮೊಣಕಾಲಿಗಿಂತ ಗಿಡ್ಡ ದೀಪ ಆರಿಸಿ. ಮೆಟ್ಟಿಲು, ತಿರುವು ಇರುವಲ್ಲಿ ಒಂದು ದೀಪ ಇರಲೇಬೇಕು. ಬಣ್ಣ 3000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ಹಳದಿ ಬೆಳಕಿನದ್ದು ಇರಲಿ, ಬಿಳಿ ಬೆಳಕಿಗೆ ಮಳೆಹುಳ ಜಾಸ್ತಿ ಮುತ್ತುತ್ತವೆ.

ಈಗ ನೆಲದ ಕೆಲಸ. ಮೇ ತಿಂಗಳಲ್ಲಿ ಎರೆ ಅಗೆಯಲು ಹೋದರೆ ಹಾರೆ ಪುಟಿಯುತ್ತದೆ, ಮಳೆಯಲ್ಲಿ ಹೋದರೆ ಸಲಿಕೆಗೆ ಅಂಟಿ ಬಿಡುವುದೇ ಇಲ್ಲ. ದೀಪಾವಳಿ ಹೊತ್ತಿಗೆ ಮಣ್ಣು ಹದವಾಗಿರುತ್ತದೆ. ದೀಪಕ್ಕೊಂದು ಗುಂಡಿ ತೋಡಿ, ಒಂದು ಅಡಿ ಅಗಲ, ಒಂದೂವರೆ ಅಡಿ ಆಳ. ಹಿಮದ ದೇಶದವರು ಇಲ್ಲಿ ಜೆಲ್ಲಿ ಕಲ್ಲು ತುಂಬಿ ಅನ್ನುತ್ತಾರೆ. ಅವರಿಗೆ ಅದು ಸರಿ, ನೀರು ಇಳಿದು ಹೋದರೆ ಹೆಪ್ಪುಗಟ್ಟಲು ಏನೂ ಉಳಿಯುವುದಿಲ್ಲ. ಎರೆಯಲ್ಲಿ ಇಳಿದ ನೀರು ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಗುಂಡಿಯೇ ಸಣ್ಣ ಬಾವಿಯಾಗಿ ಸುತ್ತಲಿನ ಮಣ್ಣಿಗೆ ನೀರು ಕುಡಿಸುತ್ತದೆ. ಆದ್ದರಿಂದ ಗರಸು ಹಾಕಿ, ಅಂದರೆ ನೀರು ತಾಗಿದರೂ ಉಬ್ಬದ ಒರಟು ಮೊರಂ ಮಣ್ಣು. ಸ್ವಲ್ಪ ನೀರು ಚಿಮುಕಿಸಿ, ಮೂರು ಮೂರು ಇಂಚಿನ ಪದರ ಮಾಡಿ ಗುದ್ದಬೇಕು, ಸುರಿದು ಕಾಲಲ್ಲಿ ತುಳಿದರೆ ಆಗಲ್ಲ. ಮಲಪ್ರಭಾ ಕಾಲುವೆ ಕಟ್ಟುವಾಗಲೂ ಎರೆಮಣ್ಣಿನ ಮೇಲೆ ಹೀಗೇ ಉಬ್ಬದ ಮಣ್ಣಿನ ಪದರ ಹಾಕಿದ್ದರು. ಅರ್ಧ ಗುಂಡಿ ಗರಸು, ಅದರ ಮೇಲೆ ಕಾಂಕ್ರೀಟ್, ಕಾಂಕ್ರೀಟಿನಲ್ಲಿ ಬೋಲ್ಟ್, ಬೋಲ್ಟಿಗೆ ದೀಪ. ಇಷ್ಟು ಮಾಡಿದರೂ ನೆಲದ ಏರಿಳಿತ ಪೂರ್ತಿ ನಿಲ್ಲುವುದಿಲ್ಲ, ಆದರೆ ವಾಲಿದ ದಿನ ಬೋಲ್ಟ್ ಸಡಿಲಿಸಿ ನೇರ ಮಾಡಿಕೊಳ್ಳಬಹುದು.

ವೈರನ್ನು ಪೈಪಿನೊಳಗೇ ಹಾಕಿ, ಇಲ್ಲದಿದ್ದರೆ ಹೆಗ್ಗಣ ಬಿಡುವುದಿಲ್ಲ. ಅರ್ಧ ಅಡಿ ಆಳ ಸಾಕು. ಪ್ರತಿ ದೀಪದ ಬುಡದಲ್ಲಿ ಒಂದು ಗೇಣು ವೈರು ಸಡಿಲ ಬಿಡಿ, ನೆಲ ಬಿರಿದಾಗ ಎಳೆದುಕೊಳ್ಳಲು ಬೇಕಾಗುತ್ತದೆ. ದಪ್ಪದ ವಿಷಯದಲ್ಲಿ ಜಿಪುಣತನ ಬೇಡ. 3 ವ್ಯಾಟಿನ ಹತ್ತು ದೀಪ ಅಂದರೆ 12 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್. ಒಂದೂವರೆ ಚದರ ಎಂಎಂ ತಾಮ್ರದ ವೈರು 25 ಮೀಟರ್ ಎಳೆದರೆ ಹೋಗಿ ಬರುವ ದಾರಿ ಸೇರಿ ಸುಮಾರು 0.6 ಓಮ್ ತಡೆ. ದೀಪಗಳೆಲ್ಲ ಕೊನೆಗೇ ಇದ್ದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಖಾಲಿ, ಸಾಲಾಗಿ ಹಂಚಿದ್ದರೆ ಅದರ ಅರ್ಧದಷ್ಟು. ಕರೆಂಟು ಮನೆಯಿಂದ ಹೊರಡುವಾಗ, ಗೇಟಿನ ಹತ್ತಿರದ ದೀಪ ಮಂಕಾಗುವುದು ಇದಕ್ಕೇ. ದಾರಿ ಉದ್ದ ಇದ್ದರೆ ಎರಡೂವರೆ ಚದರ ಎಂಎಂ ತಗೊಳ್ಳಿ.

ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ, ಅಂದರೆ ಡ್ರೈವರ್, 40 ವ್ಯಾಟಿನದ್ದು ಇರಲಿ. ಅದನ್ನು ಗೋಡೆಗೆ, ಸಜ್ಜದ ಕೆಳಗೆ, ನೆಲದಿಂದ ಒಂದೂವರೆ ಅಡಿ ಮೇಲೆ ಕೂರಿಸಿ. ಅಲ್ಲಿಯವರೆಗಿನ 230 ವೋಲ್ಟಿನ ಕೆಲಸ ಲೈಸೆನ್ಸ್ ಇರುವ ವೈರ್‌ಮನ್ ಮಾಡಲಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್ಚು) ಇದೆಯೋ ಇಲ್ಲವೋ ಅಂತ ಬಾಯಿ ಬಿಟ್ಟು ಕೇಳಿ. ಜಾಯಿಂಟಿಗೆ ಬರೀ ಟೇಪು ಸುತ್ತಿ ಮಣ್ಣಲ್ಲಿ ಹೂತರೆ ಮೊದಲ ಮಳೆಗೇ ಮುಗಿಯಿತು. ಜೆಲ್ ತುಂಬಿದ ಕನೆಕ್ಟರ್ ಹಾಕಿ. ನೀರು, ಧೂಳು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಸಂಖ್ಯೆ ನೋಡಿ: ದೀಪ ಐಪಿ65 ಇರಲಿ, ನೀರು ನಿಲ್ಲುವ ಜಾಗವಾದರೆ ಐಪಿ67. ಕೆಲವು ದೀಪಗಳ ತಳದಲ್ಲಿ ಸಣ್ಣ ತೂತು ಇರುತ್ತದೆ, ಒಳಗಿನ ಹಬೆ ನೀರಾದಾಗ ಇಳಿಯಲು. ಅದಕ್ಕೆ ಸಿಲಿಕಾನ್ ಮೆತ್ತಬೇಡಿ.

ನಮ್ಮ ಕಡೆಯಿಂದ ಮಿಲಿಟರಿಗೆ ಹೋದವರು ಜಾಸ್ತಿ. ಲೇಹ್ ಕಡೆ, ಹಿಮಾಚಲದ ಕಡೆ ಮನೆ ಮಾಡಿಕೊಂಡಿರುವವರು ಓದುತ್ತಿದ್ದರೆ ಲೆಕ್ಕ ತಿರುಗಿಸಿ: ಗರಸು ಬೇಡ, ಜೆಲ್ಲಿಯೇ ಸರಿ. ಬುನಾದಿ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಇಳಿಯಬೇಕು. ದೀಪ ಹಿಮದಲ್ಲಿ ಮುಚ್ಚಿಹೋಗದಷ್ಟು ಎತ್ತರ ಇರಬೇಕು, ಹಿಮ ಬಳಿಯುವ ಸಲಿಕೆ ತಾಗದಷ್ಟು ದೂರವೂ ಇರಬೇಕು. ಎಲ್‌ಇಡಿಗೆ ಚಳಿ ಒಳ್ಳೆಯದೇ, ಸೋಲಾರ್ ದೀಪದ ಬ್ಯಾಟರಿಗೆ ಅಲ್ಲ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ.

ಕೊನೆಗೆ ಸೆನ್ಸರ್. ಕತ್ತಲಾದಾಗ ತಾನೇ ಹತ್ತುವ ಸೆನ್ಸರನ್ನು ಅದೇ ದೀಪದ ಬೆಳಕು ಬೀಳುವಲ್ಲಿ ಇಟ್ಟರೆ ರಾತ್ರಿಯಿಡೀ ಹತ್ತಿ ಆರುತ್ತಿರುತ್ತದೆ. ಮನೆಯ ಇನ್ನೊಂದು ಮೂಲೆಗೆ, ಬೀದಿದೀಪವೂ ಕಾಣದ ಕಡೆ ತಿರುಗಿಸಿ ಹಾಕಿಸಿ.