ಮೋಕಾ ಪಾಟ್ ಕೊಳ್ಳುವ ಮುನ್ನ ಮನೆಯ ಒಲೆ ನೋಡಿ

ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಕಾಯಲಾಗದ ಬೆಳಗಿನಲ್ಲಿ ಮೋಕಾ ಪಾಟ್ ನಿಜಕ್ಕೂ ಉಪಕಾರಿ. ಕೆಳಪಾತ್ರೆಯಲ್ಲಿ ನೀರು, ನಡುವಿನ ಜರಡಿಯಲ್ಲಿ ಪುಡಿ; ಒಲೆಯ ಮೇಲಿಟ್ಟರೆ ಆವಿಯ ಒತ್ತಡಕ್ಕೆ ಬಿಸಿನೀರು ಪುಡಿಯೊಳಗಿಂದ ಮೇಲಿನ ಪಾತ್ರೆಗೆ ಏರುತ್ತದೆ. ಐದಾರು ನಿಮಿಷದಲ್ಲಿ ಗಟ್ಟಿ ಡಿಕಾಕ್ಷನ್ ಸಿದ್ಧ. 1933ರಲ್ಲಿ ಇಟಲಿಯಲ್ಲಿ ಹುಟ್ಟಿದ ಈ ಪಾತ್ರೆ ಮೊದಲಿಗೆ ಬಂದದ್ದು ಅಲ್ಯೂಮಿನಿಯಂನಲ್ಲಿ. ಈಗ ಸ್ಟೀಲಿನದೂ ಸಿಗುತ್ತದೆ. ಯಾವುದು ತರಬೇಕು?

ಮೊದಲು ಒಲೆ ನೋಡಿ. ಮನೆಯಲ್ಲಿ ಇಂಡಕ್ಷನ್ ಒಲೆ ಮಾತ್ರ ಇದ್ದರೆ ಬರೀ ಅಲ್ಯೂಮಿನಿಯಂ ಪಾಟ್ ಅದರ ಮೇಲೆ ಕಾಯುವುದೇ ಇಲ್ಲ. ಸ್ಟೀಲಿನದೆಲ್ಲ ಕಾಯುತ್ತದೆ ಅಂತಲೂ ಅಲ್ಲ. ಅಂಗಡಿಗೆ ಹೋಗುವಾಗ ಫ್ರಿಡ್ಜ್ ಬಾಗಿಲಿನ ಮ್ಯಾಗ್ನೆಟ್ ಒಂದನ್ನು ಜೇಬಿಗೆ ಹಾಕಿಕೊಳ್ಳಿ. ಪಾಟಿನ ತಳಕ್ಕೆ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಸರಿ. ಪಕ್ಕಕ್ಕೆ ಅಂಟದಿದ್ದರೆ ಚಿಂತೆ ಬೇಡ, ತಳ ಮುಖ್ಯ. ತಳ ತೀರಾ ಚಿಕ್ಕದಾದರೆ ಕೆಲವು ಇಂಡಕ್ಷನ್ ಒಲೆಗಳು ಪಾತ್ರೆಯನ್ನೇ ಗುರುತಿಸುವುದಿಲ್ಲ, ಅದನ್ನೂ ಕೇಳಿಕೊಳ್ಳಿ.

ಗ್ಯಾಸ್ ಒಲೆಯಾದರೆ ಎರಡೂ ಆಗುತ್ತವೆ. ಚಿಕ್ಕ ಬರ್ನರ್ ಬಳಸಿ, ಉರಿ ತಳದಿಂದ ಆಚೆ ಬರಬಾರದು. ಬಂದರೆ ಹಿಡಿ ಕರಗುತ್ತದೆ. ಸ್ಟ್ಯಾಂಡಿನ ಕಾಲುಗಳ ನಡುವೆ ಪಾಟ್ ವಾಲಿದರೆ ಮೇಲೊಂದು ಸಣ್ಣ ಜಾಲರಿ ಇಟ್ಟುಕೊಳ್ಳಿ.

ಆಮೇಲೆ ಅಳತೆ. 'ಮೂರು ಕಪ್' ಎಂದು ಬರೆದಿದ್ದರೆ ನಂಬಿ ಮೋಸ ಹೋಗಬೇಡಿ. ಅದು ಇಟಲಿಯ ಪುಟ್ಟ ಕಪ್ಪು, ಒಂದಕ್ಕೆ ಸುಮಾರು 50 ಮಿಲಿ. ಹಾಲು ಬೆರೆಸಿ ಕುಡಿಯುವ ನಮಗೆ ಇಬ್ಬರಿಗೆ ಮೂರು ಕಪ್ಪಿನದು ಸಾಕು, ನಾಲ್ವರಿಗೆ ಆರರದು. ಅರ್ಧ ತುಂಬಿಸಿ ಮಾಡಿದರೆ ಕಾಫಿ ಚೆನ್ನಾಗಿ ಬರುವುದಿಲ್ಲ, ಹಾಗಾಗಿ ಸುಮ್ನೆ ದೊಡ್ಡದು ತರಬೇಡಿ.

ಈಗ ಲೋಹದ ಮಾತು. ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಶಾಖ ಹಾಯಿಸುತ್ತದೆ. ಬೇಗ ಕಾಯುತ್ತದೆ, ಎಲ್ಲ ಕಡೆ ಒಂದೇ ಸಮ ಕಾಯುತ್ತದೆ. ಹಗುರ, ಬೆಲೆಯೂ ಕಡಿಮೆ. ಆದರೆ ಅದಕ್ಕೆ ಉಪಚಾರ ಬೇಕು. ಒಮ್ಮೆ ನಾನು ಕೆಳಪಾತ್ರೆಯಲ್ಲಿ ಉಳಿದ ಬೋರ್‌ವೆಲ್ ನೀರನ್ನು ಚೆಲ್ಲದೆ, ಬಿಗಿಯಾಗಿ ತಿರುಗಿಸಿಟ್ಟು ಊರಿಗೆ ಹೋಗಿದ್ದೆ. ನಾಲ್ಕು ದಿನ ಬಿಟ್ಟು ಬಂದು ತೆರೆದರೆ ಒಳಗೆ ಬಿಳಿ ಪುಡಿ. ಉಜ್ಜಿದರೆ ಅದರಡಿ ಸೂಜಿಮೊನೆಯಷ್ಟು ಗುಳಿಗಳು. ಆ ಪಾಟ್ ಮತ್ತೆ ಮೊದಲಿನಂತಾಗಲಿಲ್ಲ. ಡಿಶ್‌ವಾಷರ್‌ಗೆ ಹಾಕಿದರೂ ಅಲ್ಯೂಮಿನಿಯಂ ಕಪ್ಪಾಗುತ್ತದೆ. ಹುಣಸೆಹಣ್ಣು, ಸೋಪುಪುಡಿ, ಸ್ಟೀಲ್ ಸ್ಕ್ರಬ್ಬರ್ ಯಾವುದೂ ಬೇಡ. ಬಿಸಿನೀರಲ್ಲಿ ಕೈಯಿಂದ ತೊಳೆದು, ಒರೆಸಿ, ಬಿಡಿಬಿಡಿಯಾಗಿ ಒಣಗಿಸಬೇಕು.

ಅಲ್ಯೂಮಿನಿಯಂ ಆರೋಗ್ಯಕ್ಕೆ ಕೆಟ್ಟದ್ದಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಕಾಫಿ ಅದರಲ್ಲಿ ಇರುವುದು ಕೆಲವೇ ನಿಮಿಷ, ಇಳಿಯುವ ಲೋಹ ತೀರಾ ಕಡಿಮೆ. ಮರೆವಿನ ಕಾಯಿಲೆ ತರುತ್ತದೆ ಎಂಬ ಮಾತಿಗೆ ಗಟ್ಟಿ ಪುರಾವೆ ಇಲ್ಲ. ಕಾಫಿಯನ್ನು ಅದರಲ್ಲೇ ಗಂಟೆಗಟ್ಟಲೆ ಬಿಡಬೇಡಿ, ಅಷ್ಟೇ.

ಸ್ಟೀಲು ನಿಧಾನ, ಬೆಲೆ ಜಾಸ್ತಿ. ಆದರೆ ಹೇಗೆ ತೊಳೆದರೂ ತಡೆಯುತ್ತದೆ. ಮನೆಗೆಲಸದವರು ಎಲ್ಲ ಪಾತ್ರೆಗಳ ಜೊತೆ ಉಜ್ಜುವ ಮನೆ, ಗಡಸು ಬೋರ್‌ವೆಲ್ ನೀರಿರುವ ಅಪಾರ್ಟ್‌ಮೆಂಟ್, ಇಂಡಕ್ಷನ್ ಒಲೆ, ಈ ಮೂರರಲ್ಲಿ ಒಂದಿದ್ದರೂ ನಾನು ಸ್ಟೀಲನ್ನೇ ಹೇಳುತ್ತೇನೆ. ಗ್ಯಾಸ್ ಒಲೆ ಇದ್ದು, ತೊಳೆಯುವುದು ನೀವೇ ಆದರೆ ಅಲ್ಯೂಮಿನಿಯಂ ತನ್ನಿ. ರುಚಿಯಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಂಡಿಲ್ಲ. ರುಚಿ ಕೆಡುವುದು ಪುಡಿಯಿಂದ.

ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಪುಡಿ ಕೊಳ್ಳುವಾಗ ಚಿಕೋರಿ ಬೇಡ ಎನ್ನಿ. ಚಿಕೋರಿ ನೀರಿಗೆ ಅಂಟಂಟಾಗಿ ಜರಡಿ ಕಟ್ಟುತ್ತದೆ. ಪುಡಿ ತೀರಾ ನುಣುಪೂ ಬೇಡ, ಸಣ್ಣ ರವೆಯ ಹತ್ತಿರ ಇರಲಿ. ಕೆಳಪಾತ್ರೆಗೆ ಬಿಸಿನೀರನ್ನು ಅದರ ಪಕ್ಕದಲ್ಲಿರುವ ವಾಲ್ವಿನ (ಒತ್ತಡ ಹೆಚ್ಚಾದರೆ ಆವಿ ಬಿಡುವ ಪುಟ್ಟ ಗುಂಡಿ) ಕೆಳಗಿನವರೆಗೆ ತುಂಬಿ. ಜರಡಿಗೆ ಹಾಕಿದ ಪುಡಿಯನ್ನು ಒತ್ತದೆ ಸಮ ಮಾಡಿ, ಬಿಸಿ ಕೆಳಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಮೇಲಿನದನ್ನು ಬಿಗಿಯಾಗಿ ತಿರುಗಿಸಿ. ಸಣ್ಣ ಉರಿ. ಮುಚ್ಚಳ ತೆರೆದಿಟ್ಟರೆ ಕಾಣುತ್ತದೆ: ಮೊದಲು ಕಡುಕಂದು, ಜೇನಿನಂತೆ ಮೆಲ್ಲಗೆ ಉಕ್ಕುತ್ತದೆ. ಬಣ್ಣ ತಿಳಿಯಾಗಿ ಗೊರಗೊರ ಸದ್ದು ಶುರುವಾದ ಕೂಡಲೇ ಒಲೆ ಆರಿಸಿ. ಬಿಟ್ಟರೆ ಕಹಿ.

ಕೊನೆಗೆ, ಯಾವ ಲೋಹದ್ದೇ ಆಗಲಿ, ಆ ಅಳತೆಯ ರಬ್ಬರ್ ವಾಷರ್ ಬಿಡಿಯಾಗಿ ಸಿಗುತ್ತದಾ ಎಂದು ಕೇಳಿ, ಒಂದು ಹೆಚ್ಚುವರಿ ತಂದಿಡಿ. ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಬೇಕಾಗುತ್ತದೆ.